ಉಪ್ಪಿನಕಾಯಿಯ ಭರಣಿ: ಅದನ್ನು ಆರಿಸುವದೂ ಕಾಪಾಡುವದೂ

ಮಿಡಿಮಾವಿನ ಕಾಲವು ಸಮೀಪಿಸುವಾಗ ಮನೆವಾರ್ತೆ ನಡಿಸುವ ತಾಯಂದಿರು ಅಟ್ಟದಿಂದ ಭರಣಿಗಳನ್ನು ಇಳಿಸಿ ತೊಳೆಯಲಾರಂಭಿಸುತ್ತಾರಷ್ಟೆ. ಕರಾವಳಿಯವರು ಭರಣಿ ಎಂದೂ ಘಟ್ಟದ ಮೇಲಣವರು ಜಾಡಿ ಎಂದೂ ಕರೆಯುವ ಈ ಪಾತ್ರೆಯು ಮೇಲ್ಗಡೆ ಕಂದು, ಕೆಳಗಡೆ ಮಾಸಲು ಬಿಳುಪಾಗಿ ಎಲ್ಲರಿಗೂ ಪರಿಚಿತವಾದದ್ದೇ. ಆದರೆ ಅದು ಯಾವದನ್ನು ತಾಳುತ್ತದೆ, ಯಾವದನ್ನು ತಾಳದು ಎಂಬದನ್ನು ಅರಿಯದೆ ಇರುವದರಿಂದ ವರುಷದ ಉಪ್ಪಿನಕಾಯಿಯನ್ನೇ ಕಳಕೊಳ್ಳುವ ಮನೆಗಳುಂಟು. ಗಂಜಿಗೆ ಅದೊಂದೇ ವ್ಯಂಜನವಾಗಿರುವ ಮನೆಯಲ್ಲಿ ಇದು ಅಲ್ಪ ನಷ್ಟವಲ್ಲ.

ಸಾಧಾರಣ ಮಡಕೆಯೂ ಭರಣಿಯೂ ಮಣ್ಣಿನಿಂದಲೇ ಆದವುಗಳು. ಅವುಗಳ ಭೇದವು ಮುಖ್ಯವಾಗಿ ಬೆಂಕಿಯಲ್ಲಿದೆ. ಮಡಕೆಯನ್ನು ಅಲ್ಪ ಉರಿಯಲ್ಲಿ ಸುಡುವದರಿಂದ ಅದರ ಮೈಯಲ್ಲೆಲ್ಲಾ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ನೀರು ಅವುಗಳ ಮೂಲಕ ಒಸರಿ ಆರುವದರಿಂದಲೇ ಹೂಜಿಯ ನೀರು ತಂಪಾಗುವದು. ಅದೇ ಮಡಕೆಯಲ್ಲಿ ಉಪ್ಪುನೀರನ್ನು ಇಟ್ಟರೆ ಉಪ್ಪು ಹೊರಗೆ ಬಂದು ಬೆಳ್ಳಗೆ ಹರಳುಗಟ್ಟಿ, ಕಡೆಗೆ ಮೈಯ ಹೊಪ್ಪಳೆಗಳು ಉದುರುವವು. ಭರಣಿಯನ್ನಾದರೋ ಸುಮಾರು 1200ರಿಂದ 1300 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಸುಡುತ್ತಾರೆ. ಆಗ ಮಣ್ಣಿನ ಒಂದಂಶವು ಕರಗಿ ಗಾಜಾಗಿ ರಂಧ್ರಗಳನ್ನು ತುಂಬಿಬಿಡುವದು. ಇದನ್ನು ಪರೀಕ್ಷಿಸಲು ಮನಸ್ಸಿದ್ದವರು ಒಡೆದ ಹಂಚಿನ ಚೂರನ್ನೂ ಒಡೆದ ಭರಣಿಯ ಚೂರನ್ನೂ ತಕ್ಕೊಂಡು, ಮುರಿದ ಬದಿಯ ಮೇಲೆ ಒಂದೊಂದು ಹನಿ ನೀರು ಬಿಡಲಿ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಆ ಕೆಂಪು ಹಂಚು ಹನಿಯನ್ನು ಬೇಗನೆ ಹೀರಿಕೊಳ್ಳುವದು. ಭರಣಿಯ ಚೂರಿನ ಮೇಲೆ ಹನಿಯು ಹಾಗೆಯೇ ನಿಲ್ಲುವದು.

ಜರ್ಮನಿಯ ರೈನ್ ನದೀ ಪ್ರಾಂತದ ಕುಂಬಾರರು ಆವಿಗೆಯು ಅತ್ಯಂತ ಕಾದಾಗ ಅಡಿಗೆಯ ಉಪ್ಪನ್ನೇ ಅದರೊಳಗೆ ಎಸೆಯುತ್ತಿದ್ದರು. ಉಪ್ಪಿನ ಹೊಗೆಯು ಮಣ್ಣಿನಲ್ಲಿರುವ ಮರಳಿನ ಅಂಶದೊಡನೆ ಕೂಡಿ ಗಾಜಿನಂಥ ಮೆರುಗಾಗುತ್ತಿತ್ತು. ಅಂಥ ಪಾತ್ರೆಗಳಲ್ಲಿ ಆ ದೇಶದವರು ಕೋಸನ್ನು ಉಪ್ಪಿನಲ್ಲಿ ಹಾಕಿ ಹುಳಿಮಾಡಿ ಇಟ್ಟುಕೊಳ್ಳುವರು. ನಾವು ಮಾವನ್ನು ಇಡುವ ಹಾಗೆಯೇ ಎನ್ನಬಹುದು.

ಮೆರುಗಿನ ವಿಷಯವಾಗಿ ಒಂದು ಎಚ್ಚರಿಕೆಯುಂಟು. ಅಲ್ಪ ಉರಿಯಲ್ಲಿ ಸುಟ್ಟ ಕೆಲವು ಬಣ್ಣದ ಪಾತ್ರೆಗಳಿಗೆ ಸೀಸ ಬೆರೆತ ಮೆರುಗನ್ನು ಕೊಡುವದುಂಟು. ಹುಳಿಯು ಆ ಸೀಸವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಪದಾರ್ಥದಲ್ಲಿ ಸೇರಿಸುವದು. ರುಚಿಯಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯದು. ಸೀಸವು ರಕ್ತವನ್ನು ಕೆಡಿಸುವದಲ್ಲದೆ, ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೂ ಅಡ್ಡಿಮಾಡುತ್ತದೆ. ಆದದರಿಂದ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೊಳೆಯುವ ಚಂದದ ಗಡಿಗೆಯನ್ನು ಉಪ್ಪಿನಕಾಯಿಗೋಸ್ಕರ ಕೊಳ್ಳಬಾರದು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳೂ ಹುಳಿಗೆ ಆಗವು. ಅಲ್ಯುಮಿನಿಯಮ್ ಪಾತ್ರೆಯನ್ನು ಉಪ್ಪೂ ಹುಳಿಯೂ ತಿಂದು ಗುಳಿಮಾಡುವವು.

ಕೊಳ್ಳುವಾಗ ಭರಣಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡತಕ್ಕದ್ದು. ಸ್ಪಷ್ಟವಾಗಿ ಕಣಕಣವೆಂದರೆ ಒಳ್ಳೇದು. ಮಂಕಾದ ಸದ್ದು ಬಂದರೆ ಎಲ್ಲಿಯೋ ಬಿರುಕಿದೆ. ಮನೆಗೆ ತಂದ ಮೇಲೆ ನೀರು ತುಂಬಿಸಿ, ಒಣ ಕಾಗದದ ಮೇಲೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಕಾಗದವು ಒದ್ದೆಯಾಗಿದೆಯೋ ಎಂದು ನೋಡಬೇಕು.

ಇನ್ನು ಭರಣಿಯು ತಾಳದೆ ಇರುವದೇನಂದರೆ, ಫಕ್ಕನೆ ತಗಲುವ ಬಿಸಿ. ಕಾವು ಅದರ ಮೈಯಲ್ಲಿ ಬೇಗ ಹರಡದು. ಬಿಸಿ ತಗಲಿದ ಭಾಗವು ಹಿಗ್ಗುವಾಗ ಮಿಕ್ಕ ಭಾಗವು ಹಾಗೆಯೇ ಇರುವದರಿಂದ ಮೈ ಸೀಳುವದು. ಬಳಪದ ಕಲ್ಲಿನ ಪಾತ್ರೆಯಲ್ಲಿ ಸಾರು ಕುದಿಸುವವರು ಇದೂ ಕಲ್ಲಿನಂತೆ ಗಟ್ಟಿಯೆಂದು ಒಲೆಯ ಮೇಲೆ ಇಡದಿರಲಿ. ಕುದಿಸಿದ ಉಪ್ಪುನೀರನ್ನೂ ಕಾಯಿಸಿದ ಎಣ್ಣೆಯನ್ನೂ ಪೂರಾ ಆರಿಸಿಯೇ ಹೊಯ್ಯಬೇಕು. ಇದರಿಂದ ಭರಣಿಯೂ ಉಳಿಯುವದು, ಮಿಡಿಯೂ ಮೆತ್ತಗಾಗದು. ಅವಸರದವರೇ ಇಲ್ಲಿ ಹೆಚ್ಚಾಗಿ ಕೆಡುವರು.

ತೊಳೆಯುವದಕ್ಕೆ ಮರಳೂ ಇಟ್ಟಿಗೆಪುಡಿಯೂ ಬೇಡ. ಅವು ಮೆರುಗನ್ನು ಗೀರುವವು. ಹಳೇ ಎಣ್ಣೆಯ ಜಿಡ್ಡಿಗೆ ಸೀಗೆಪುಡಿಯೂ ಉಗುರುಬೆಚ್ಚಗಿನ ನೀರೂ ಸಾಕು. ಬಳಿಕ ಬಾಯಿಯನ್ನು ಕೆಳಗೆಮಾಡಿ ನೀರಿಳಿಸಿ, ಒಂದೆರಡು ದಿನ ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಒಳಗೆ ಕೈಯಾಡಿಸಿದಾಗ ಸ್ವಲ್ಪವಾದರೂ ತೇವ ತಗಲಿದರೆ ಇನ್ನೊಂದು ದಿನ ಕಾಯಿರಿ. ಯಾಕಂದರೆ ಬೂಷ್ಟು ಹಿಡಿಯುವದಕ್ಕೆ ಆ ತೇವವೇ ಸಾಕು. ತೆಗೆಯುವ ಸೌಟು ಮರದ್ದಾಗಿರಲಿ, ಒಣಗಿರಲಿ. ಮುಚ್ಚಳದ ಮೇಲೆ ತೆಳು ಬಟ್ಟೆಯನ್ನು ಕಟ್ಟಿ, ಭರಣಿಯನ್ನು ಬರೀ ನೆಲದ ಮೇಲಲ್ಲ, ಹಲಗೆ ಅಥವಾ ಸಿಂಬಿಯ ಮೇಲೆ ಇಡಬೇಕು. ತುಂಬಿದ ಭರಣಿಯನ್ನು ಕಂಠ ಹಿಡಿದು ಎತ್ತದೆ, ಅಡಿಗೆ ಕೈಕೊಟ್ಟು ಎತ್ತತಕ್ಕದ್ದು.

ಮೆರುಗಿನ ಮೇಲೆ ಕೂದಲಿನಂಥ ಗೆರೆಗಳು ಮೂಡಿದ ಹಳೇ ಭರಣಿಗಳು ಅನೇಕ ಮನೆಗಳಲ್ಲುಂಟು. ಗೆರೆಗಳು ಮೆರುಗಿನಲ್ಲಿ ಮಾತ್ರ ಇದ್ದರೆ ಅದು ಸೋರದು; ಆದರೂ ಗೆರೆಗಳಲ್ಲಿ ಎಣ್ಣೆ ಸೇರಿ ಕಮಟು ವಾಸನೆ ಬರುವದಾದರೆ ಹೊಸ ಮಿಡಿಯನ್ನು ಅದರಲ್ಲಿ ಹಾಕಬೇಡಿರಿ. ಅಂಥದನ್ನೂ ಬಿರುಕು ಬಿಟ್ಟದ್ದನ್ನೂ ತೊಳೆದು ಒಣಗಿಸಿ ಬೇಳೆಕಾಳುಗಳನ್ನು ತುಂಬಿಸಿಟ್ಟರೆ, ಇಲಿಗಳ ಹಲ್ಲು ಅದಕ್ಕೆ ತಾಕದು.