ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಲಿನಕ್ಸ್ ಬಿಡಬೇಕಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಬಹುಮಟ್ಟಿಗೆ ಒಪ್ಪುವುದಿಲ್ಲ. ಹಾಗಾಗಿ ಮುಂಬೈ ಸುತ್ತಮುತ್ತ, ಡೊಂಬಿವಲಿಯಿಂದ ಬೊರಿವಲಿಯವರೆಗೆ ಎಷ್ಟೋ ಮನೆಗಳಲ್ಲಿ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. ಅವಕ್ಕೆ ಉಬುಂಟು ಅಥವಾ ಮಿಂಟ್‌ನಂಥ ಲಿನಕ್ಸ್ ಹಾಕಿಕೊಳ್ಳಿ ಎನ್ನುವವನು ನಾನು. ಹಾಗೆಂದಾಗ ಎದುರಾಗುವ ದೂರು ಬಹಳ ಸಲ ಒಂದೇ: ಲೋಗೊ ಬಂತು, ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪು. ಲಿನಕ್ಸ್ ಹಳೆಯ ಯಂತ್ರಕ್ಕೆ ಆಗಿಬರುವುದಿಲ್ಲ ಎಂದು ಅಲ್ಲಿಗೇ ತೀರ್ಮಾನಿಸಿಬಿಡುವುದನ್ನು ನಾನು ಒಪ್ಪಲಾರೆ.

ಆನ್ ಮಾಡಿದಾಗ ಮೊದಲು ಸ್ಕ್ರೀನನ್ನು ನಡೆಸುವುದು ಲ್ಯಾಪ್‌ಟಾಪ್‌ನ ಫರ್ಮ್‌ವೇರ್. ಕೆಲವೇ ಕ್ಷಣಗಳಲ್ಲಿ ಲಿನಕ್ಸ್ ಕರ್ನಲ್ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಚಿಪ್ ಅನ್ನು ನಡೆಸುವ ಬಗೆ ಡ್ರೈವರ್‌ಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಆ ಗಳಿಗೆಯಲ್ಲೇ ಬೆಳಕು ಆರುತ್ತದೆ. ಒಳಗೆ ಸಿಸ್ಟಂ ಮಾತ್ರ ಓಡುತ್ತಲೇ ಇರಬಹುದು. ಕರ್ನಲ್‌ಗೆ ಸೂಚನೆ ಕೊಡುವ ಬೂಟ್ ಸಾಲಿನಲ್ಲಿ, ಆ ಡ್ರೈವರನ್ನು ತಡೆಯುವ ‘ನೋಮೋಡ್‌ಸೆಟ್’ (nomodeset) ಎಂಬ ಒಂದು ಪದ ಸೇರಿಸಿದರೆ, ಅದೇ ಯಂತ್ರದಲ್ಲಿ ಅದೇ ಪೆನ್‌ಡ್ರೈವ್‌ನಿಂದ ಸ್ಕ್ರೀನ್ ಸಾಮಾನ್ಯವಾಗಿ ಮೂಡುವುದೇ ಇದಕ್ಕೆ ಸಾಕ್ಷಿ. ಕೆಲಸ ಮುಗಿಯಿತೆಂದು ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದು ಇನ್‌ಸ್ಟಾಲ್ ಮುಗಿಸಿಕೊಳ್ಳಲು ಮಾಡಿಕೊಂಡ ತಾತ್ಕಾಲಿಕ ವ್ಯವಸ್ಥೆ. ಹಾಗೇ ಬಿಟ್ಟರೆ ಬ್ರೈಟ್‌ನೆಸ್ ಕೀಗಳು ಕೈಕೊಡುತ್ತವೆ, ವಿಡಿಯೊದ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಹೊರಗಿನ ಮಾನಿಟರ್ ಸಿಗದೆ ಹೋಗಬಹುದು. ಸರಿಯಾದ ಡ್ರೈವರ್ ಹಾಕಿ ಆ ಪದವನ್ನು ತೆಗೆಯಲೇಬೇಕು. ಸೆಕ್ಯೂರ್ ಬೂಟ್ ಆನ್ ಇದ್ದಲ್ಲಿ, ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೇ ಬಿಟ್ಟುಕೊಳ್ಳದಿರಬಹುದು ಎಂಬುದನ್ನೂ ನೆನಪಿಡಬೇಕು.

ವಿಂಡೋಸ್‌ನಲ್ಲಿ ಇಂಥ ಪಾಡಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ಏಕೆಂದರೆ ತಯಾರಕರು ಡ್ರೈವರ್ ಹಾಕಿ, ಪರೀಕ್ಷಿಸಿಯೇ ಮಾರುತ್ತಾರೆ. ಲಿನಕ್ಸ್‌ಗೆ ಆ ಅನುಕೂಲ ಚಿಪ್ ಕಂಪನಿಗಳ ಮರ್ಜಿಯನ್ನು ಅವಲಂಬಿಸಿದೆ. ಇಂಟೆಲ್ ತನ್ನ ಗ್ರಾಫಿಕ್ಸ್ ಡ್ರೈವರ್‌ನ ಕೋಡನ್ನು ಬಹುಕಾಲದಿಂದ ಮುಕ್ತವಾಗಿಟ್ಟಿದೆ. ಎನ್‌ವಿಡಿಯಾ ಇಡಲಿಲ್ಲ, ಆದ್ದರಿಂದ 2010ರಲ್ಲಿ ಕರ್ನಲ್ ಸೇರಿದ ‘ನೂವೋ’ ಡ್ರೈವರನ್ನು ಬರೆದವರು ಚಿಪ್‌ನ ವರ್ತನೆಯನ್ನು ಹೊರಗಿನಿಂದ ನೋಡಿ ನೋಡಿಯೇ ಅದರ ಒಳಗುಟ್ಟನ್ನು ಊಹಿಸಬೇಕಾಯಿತು. ಆ ಶ್ರಮಕ್ಕೆ ನಾವು ಋಣಿಗಳು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಭಾಗವನ್ನು ಬಿಡುಗಡೆ ಮಾಡಿತಾದರೂ ಅದು ಟ್ಯೂರಿಂಗ್ ಎಂಬ ತಲೆಮಾರಿನ ಮತ್ತು ಅನಂತರದ ಚಿಪ್‌ಗಳಿಗಷ್ಟೇ. ಹಾಗಾಗಿ ನಾವು ಅಂಜಬೇಕಾದದ್ದು ಲ್ಯಾಪ್‌ಟಾಪ್‌ನ ವಯಸ್ಸಿಗಲ್ಲ, ಅದರೊಳಗಿನ ಹಳೆಯ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ. ಇಂಟೆಲ್ ಗ್ರಾಫಿಕ್ಸ್ ಮಾತ್ರ ಇರುವ ಏಳನೇ ತಲೆಮಾರಿನ ಯಂತ್ರವನ್ನು ವಿಂಡೋಸ್ 11 ಬೇಡವೆಂದರೂ ಲಿನಕ್ಸ್‌ಗೆ ಅದು ಅತ್ಯಂತ ಸಲೀಸಾದ ಯಂತ್ರಗಳಲ್ಲಿ ಒಂದು.

ಬೂಟ್ ಸಾಲು ತಿದ್ದುವುದು ಜನಸಾಮಾನ್ಯರ ಕೆಲಸವೇ ಎಂಬ ಆಕ್ಷೇಪಕ್ಕೆ ನನ್ನ ಪೂರ್ಣ ಸಹಮತವಿದೆ. ಪೊವಾಯಿಯ ಐಐಟಿ ಬಾಂಬೆ ನಡೆಸುವ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಇವೆ, ಆದರೆ ಸ್ಕ್ರೀನೇ ಮೂಡದವರಿಗೆ ಪಾಠ ಆಮೇಲಿನ ಮಾತು. ಅದಕ್ಕೇ ಪರೀಕ್ಷೆ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲೇ ನಡೆಯಲಿ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಕೇಳುತ್ತಾರೆ; ಗ್ರಾಫಿಕ್ಸ್ ಯಾವುದೆಂದು ಕೇಳುವವರು ಕಡಿಮೆ. ಅದನ್ನು ಕೇಳಿ, ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಬೇಕು. ಬ್ರೈಟ್‌ನೆಸ್ ಬದಲಾಗುತ್ತದೆಯೇ, ಮುಚ್ಚಿ ತೆರೆದಾಗ ಸ್ಕ್ರೀನ್ ಮರಳುತ್ತದೆಯೇ, ಎಚ್‌ಡಿಎಂಐ ಕೇಬಲ್ ಹಾಕಿದರೆ ಎರಡನೇ ಸ್ಕ್ರೀನ್ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಒಪ್ಪದ ಅಂಗಡಿಯಿದ್ದರೆ ಪಕ್ಕದ್ದಕ್ಕೆ ಹೋಗಬಹುದು. ಆ ರಸ್ತೆಯಲ್ಲಿ ಅಂಗಡಿಗಳಿಗೇನೂ ಬರವಿಲ್ಲ.