ದ್ರಾಕ್ಷಿ ಜಾಮ್ ಗಟ್ಟಿಯಾಗಲು ಇಂಡಿ ಲಿಂಬೆ

ಸಿಂದಗಿಯ ತಂಗಿ, ಜಾಮ್ ನೀರಾಯಿತೆಂದು ಸಕ್ಕರೆಯನ್ನು ದೂರಬೇಡಿ. ಪೂರ್ತಿ ಮಾಗಿದ ದ್ರಾಕ್ಷಿಯಲ್ಲಿ ಪೆಕ್ಟಿನ್ ಕಡಿಮೆ, ಹುಳಿಯೂ ಕಡಿಮೆ. ಎರಡನ್ನೂ ಕೊಡುವ ಹಣ್ಣು ಪಕ್ಕದ ಇಂಡಿಯಲ್ಲೇ ಇದೆ. ಜಿಐ ಮಾನ್ಯತೆ ಪಡೆದ ಆ ಲಿಂಬೆಯನ್ನು ಬರೀ ಉಪ್ಪಿನಕಾಯಿಗೆ ಮೀಸಲಿಡುವುದು ನನಗಂತೂ ಸರಿಕಾಣದು.

ಒಂದು ಕೆಜಿ ದ್ರಾಕ್ಷಿಗೆ 700 ಗ್ರಾಂ ಸಕ್ಕರೆ, ಮೂರು ಲಿಂಬೆ. ದ್ರಾಕ್ಷಿಯಲ್ಲಿ ಕಾಲು ಭಾಗ ಹುಳಿಗಾಯಿಯೇ ಇರಲಿ. ಲಿಂಬೆರಸ ಹಿಂಡಿಟ್ಟು, ಬೀಜ ಮತ್ತು ಉಳಿದ ತಿರುಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ದ್ರಾಕ್ಷಿಯ ಜೊತೆಗೇ ಬೇಯಿಸಿ. ಹಣ್ಣು ಮೆತ್ತಗಾದ ಮೇಲೆ ಗಂಟನ್ನು ಸೌಟಿನಿಂದ ಒತ್ತಿ. ಲೋಳೆ ಲೋಳೆಯಾಗಿ ಇಳಿಯುತ್ತದಲ್ಲ, ಅದರಲ್ಲೇ ಇದೆ ಪೆಕ್ಟಿನ್. ಆಮೇಲೆ ಸಕ್ಕರೆ, ರಸ ಸೇರಿಸಿ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಕುದಿಸಿ, ತಳ ಹತ್ತದಂತೆ ಕೈಯಾಡಿಸುತ್ತಿರಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಆಗಿಬರದು. ಪುಸ್ತಕಗಳು ಹೇಳುವ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ನಮ್ಮ ಎತ್ತರದಲ್ಲಿ 103 ಸಾಕು. ಥರ್ಮಾಮೀಟರ್ ಇಲ್ಲವೇ? ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ, ಆರಿದ ಮೇಲೆ ಬೆರಳಿನಿಂದ ತಳ್ಳಿ. ಮೇಲೆ ಸುಕ್ಕುಗಟ್ಟಿದರೆ ಇಳಿಸಿ.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ. ಬೆಲ್ಲದಲ್ಲೂ ಮಾಡಬಹುದು, ಬಣ್ಣ ಕಪ್ಪಾಗುತ್ತದೆ ಅಷ್ಟೇ. ಬೆಲ್ಲದ ಜಾಮನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.