ಹಿರಿಯರ ಹಾದಿ, ಹೊಸ ಹೆಜ್ಜೆ

ಹಿರಿಯರಿಂದ ಬಂದ ಮನೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಆ ಮನೆಯಲ್ಲಿ ಇಂದಿನವರು ನೆಮ್ಮದಿಯಿಂದ ಬಾಳಬೇಕಾದರೆ ಒಂದೆಡೆ ಗೋಡೆಯನ್ನು ಕೆಡವಬೇಕಾಗುತ್ತದೆ. ಇನ್ನೊಂದೆಡೆ ಹೊಸ ಕಿಟಕಿಯನ್ನು ತೆರೆಯಬೇಕಾಗುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆ ಮನೆ ಕಟ್ಟುವವರನ್ನು ಮಾತ್ರವಲ್ಲ, ಯಂತ್ರಗಳನ್ನು ರೂಪಿಸುವವರನ್ನೂ ಕಾಡುತ್ತದೆ. ಇಂಗ್ಲೆಂಡಿನ ಜಾಗ್ವಾರ್ ಸಂಸ್ಥೆಯು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಿಸಿದ ‘ಎಕ್ಸ್‌ಜೆ’ ಎಂಬ ವೈಭವದ ಕಾರಿನ ಕಥೆಯು ಈ ಪ್ರಶ್ನೆಯ ಕಥೆಯೇ ಆಗಿದೆ.

೧೯೨೨ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ ವಿಲಿಯಂ ಲಯನ್ಸ್ ಎಂಬ ತರುಣರು ತಮ್ಮ ಪಾಲುದಾರರೊಡನೆ ಒಂದು ಚಿಕ್ಕ ಉದ್ಯಮವನ್ನು ಆರಂಭಿಸಿದರು. ಮೋಟಾರ್ ಸೈಕಲ್ಲುಗಳ ಪಕ್ಕಕ್ಕೆ ಜೋಡಿಸುವ ಸೈಡ್‌ಕಾರುಗಳನ್ನು ತಯಾರಿಸುವುದು ಅವರ ಕೆಲಸವಾಗಿತ್ತು. ಮುಂದೆ ಆ ಉದ್ಯಮವು ಕೊವೆಂಟ್ರಿ ನಗರಕ್ಕೆ ಸಾಗಿ ಕಾರುಗಳ ತಯಾರಿಕೆಗೆ ತೊಡಗಿತು. ೧೯೩೫ರಲ್ಲಿ ‘ಜಾಗ್ವಾರ್’ ಎಂಬ ಹೆಸರು ಅದರ ಕಾರುಗಳಿಗೆ ಬಂದಿತು. ಲಯನ್ಸರು ವಿನ್ಯಾಸಕಲೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಕಣ್ಣೇ ಅವರ ಗುರು. ಅವರು ಕುಶಲ ಕೆಲಸಗಾರರಿಂದ ಕಾರಿನ ಪೂರ್ಣ ಗಾತ್ರದ ಮಾದರಿಯನ್ನು ತಗಡಿನಲ್ಲಿ ಮಾಡಿಸುತ್ತಿದ್ದರು. ಅದನ್ನು ತಮ್ಮ ಮನೆಯ ಮುಂದಿನ ಬಯಲಿಗೆ ತರಿಸಿ, ಹಗಲ ಬೆಳಕಿನಲ್ಲಿ ಸುತ್ತಲೂ ನಡೆದು ನೋಡುತ್ತಿದ್ದರು. ಎಲ್ಲಿಯಾದರೂ ಒಂದು ಗೆರೆ ಕಣ್ಣಿಗೆ ಹಿತವೆನಿಸದಿದ್ದರೆ ಅದನ್ನು ಮತ್ತೆ ತಿದ್ದಿಸುತ್ತಿದ್ದರು.

೧೯೬೮ರಲ್ಲಿ ಎಕ್ಸ್‌ಜೆ ಕಾರು ಬೆಳಕಿಗೆ ಬಂದಿತು. ನೆಲಕ್ಕೆ ಸಮೀಪವಾದ ಮೈ, ನೀಳವಾದ ಬಾನೆಟ್ಟು, ಮುಂದೆ ನಾಲ್ಕು ದುಂಡು ದೀಪಗಳು ಅದರ ಗುರುತಾದವು. ರಸ್ತೆಯ ಸದ್ದೂ ಅದುರುವಿಕೆಯೂ ಒಳಗೆ ಕುಳಿತವರನ್ನು ಮುಟ್ಟದಂತೆ ರಬ್ಬರಿನ ಮೆತ್ತೆಗಳನ್ನು ಬಹು ಜಾಣತನದಿಂದ ಅಳವಡಿಸಲಾಗಿತ್ತು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಇಂದು ‘ಹಳೆಯ ಸೊಬಗು’ ಎಂದು ಹೊಗಳಿಸಿಕೊಳ್ಳುವ ಈ ಕಾರು ಅಂದು ಹೊಚ್ಚ ಹೊಸದಾಗಿತ್ತು. ಹಲವು ಹಳೆಯ ಮಾದರಿಗಳ ಸ್ಥಾನಕ್ಕೆ ಈ ಒಂದನ್ನೇ ತರುವ ಸಾಹಸವನ್ನು ಲಯನ್ಸರು ಮಾಡಿದ್ದರು.

೧೯೭೨ರಲ್ಲಿ ಲಯನ್ಸರು ನಿವೃತ್ತರಾದರು, ೧೯೮೫ರಲ್ಲಿ ತೀರಿಕೊಂಡರು. ಅವರ ಉತ್ತರಾಧಿಕಾರಿಗಳ ಪಾಲಿಗೆ ಅವರು ಬಿಟ್ಟುಹೋದ ರೂಪವು ಹೆಮ್ಮೆಯೂ ಹೌದು, ಹೊರೆಯೂ ಹೌದು ಎನ್ನುವಂತಾಯಿತು. ೧೯೮೬ರ ಹೊಸ ಎಕ್ಸ್‌ಜೆಯ ಕೆಲವು ಮಾದರಿಗಳಲ್ಲಿ ದುಂಡು ದೀಪಗಳ ಬದಲು ಆಯತಾಕಾರದ ದೀಪಗಳಿದ್ದವು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ೧೯೯೪ರಲ್ಲಿ ದುಂಡು ದೀಪಗಳು ಮರಳಿ ಬಂದವು.

೨೦೦೩ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಜೆಯ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಅದರ ಒಡಲನ್ನು ಉಕ್ಕಿನ ಬದಲು ಅಲ್ಯೂಮಿನಿಯಮ್ಮಿನಿಂದ ಮಾಡಲಾಗಿತ್ತು. ಬಿಡಿಭಾಗಗಳನ್ನು ವಿಮಾನ ನಿರ್ಮಾಣದಲ್ಲಿ ಮಾಡುವಂತೆ ರಿವೆಟ್ಟುಗಳಿಂದಲೂ ಗಟ್ಟಿ ಅಂಟಿನಿಂದಲೂ ಕೂಡಿಸಲಾಗಿತ್ತು. ಒಡಲು ಹಗುರವಾಯಿತು, ಆದರೂ ಮೊದಲಿಗಿಂತ ಬಿಗಿಯಾಯಿತು. ಆದರೆ ಇಷ್ಟೆಲ್ಲ ಹೊಸತನವು ೧೯೬೮ರ ಚಹರೆಯ ಹಿಂದೆ ಅಡಗಿಹೋಯಿತು. ನೋಡಿದವರಿಗೆ ಅದು ಹಳೆಯ ಕಾರಿನಂತೆಯೇ ಕಂಡಿತು. ಆ ವರ್ಷಗಳಲ್ಲಿ ಸಂಸ್ಥೆಯು ನಷ್ಟವನ್ನು ಅನುಭವಿಸುತ್ತಿತ್ತು. ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ೨೦೦೫ರಲ್ಲಿ ಕಾರುಗಳ ಜೋಡಣೆ ನಿಂತುಹೋಯಿತು. ಅದಕ್ಕೆ ಕಾರಣಗಳು ಹಲವು. ಆದರೆ ಕಾರಿನ ರೂಪವೆಂಬುದು ಕೇವಲ ಅಲಂಕಾರದ ಮಾತಲ್ಲ, ಅದರ ಹಿಂದೆ ದುಡಿಯುವ ಕೈಗಳ ಅನ್ನವೂ ಇದೆ ಎಂಬ ಸತ್ಯವನ್ನು ಆ ಮೌನವಾದ ಕಾರ್ಖಾನೆಯು ನೆನಪಿಸುತ್ತಿತ್ತು.

ಮೊದಲ ಎಕ್ಸ್‌ಜೆ ಹುಟ್ಟಿದ ೧೯೬೮ರಲ್ಲಿಯೇ ಸ್ಕಾಟ್ಲೆಂಡಿನ ಒಬ್ಬ ಶಾಲಾಬಾಲಕನು ತಾನೇ ಬರೆದ ಕಾರಿನ ಚಿತ್ರವನ್ನು, ಕೆಲಸ ಸಿಕ್ಕೀತೆಂಬ ಆಸೆಯಿಂದ, ಜಾಗ್ವಾರ್ ಸಂಸ್ಥೆಗೆ ಕಳುಹಿಸಿದ್ದನು. ಇಯಾನ್ ಕ್ಯಾಲಮ್ ಎಂಬ ಆ ಬಾಲಕನೇ ಬೆಳೆದು ೧೯೯೯ರಲ್ಲಿ ಆ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಲಯನ್ಸರಲ್ಲಿ ಅವರಿಗೆ ಅಪಾರ ಗೌರವವಿತ್ತು. ಆದರೆ ಲಯನ್ಸರು ತಮ್ಮ ಹಿಂದಿನ ಕಾರುಗಳನ್ನು ನಕಲು ಮಾಡುತ್ತ ಕುಳಿತವರಲ್ಲ, ಸದಾ ಮುಂದಕ್ಕೆ ನೋಡಿದವರು ಎಂಬುದನ್ನು ಕ್ಯಾಲಮ್ ಅರಿತಿದ್ದರು.

ಭಾರತದ ಟಾಟಾ ಮೋಟಾರ್ಸ್ ಕಂಪನಿಯು ೨೦೦೮ರಲ್ಲಿ ಜಾಗ್ವಾರ್ ಸಂಸ್ಥೆಯನ್ನು ಕೊಂಡುಕೊಂಡಿತು. ಮರುವರ್ಷ, ಅಂದರೆ ೨೦೦೯ರಲ್ಲಿ, ಕ್ಯಾಲಮ್‌ರ ಹೊಸ ಎಕ್ಸ್‌ಜೆಯನ್ನು ಲಂಡನ್ನಿನಲ್ಲಿ ಅನಾವರಣಗೊಳಿಸಲಾಯಿತು. ನಾಲ್ಕು ದುಂಡು ದೀಪಗಳ ಹಳೆಯ ಮುಖ ಮಾಯವಾಗಿತ್ತು. ಹಿಂದಿನ ದೀಪಗಳು ನೆಟ್ಟಗೆ ನಿಂತಿದ್ದವು. ಮೇಲೆ ಗಾಜಿನ ಚಾವಣಿಯಿತ್ತು. ಚಾಲಕನ ಮುಂದೆ ಮುಳ್ಳುಗಳ ಫಲಕದ ಬದಲು ಪರದೆಯಿತ್ತು. ಆದರೆ ತಗ್ಗಾದ ನೀಳ ಮೈಕಟ್ಟು, ಒಳಗಿನ ಮರ ಮತ್ತು ತೊಗಲಿನ ಸೊಬಗು, ಅಲ್ಯೂಮಿನಿಯಮ್ಮಿನ ಹಗುರವಾದ ಒಡಲು ಉಳಿದುಕೊಂಡಿದ್ದವು. ಕೆಲವರು ಮೆಚ್ಚಿದರು, ಕೆಲವರು ‘ಇದು ಜಾಗ್ವಾರೇ ಅಲ್ಲ’ ಎಂದು ಮುಖ ತಿರುಗಿಸಿದರು.

ಈ ಕಾರಿನ ತಯಾರಿಕೆಯೂ ೨೦೧೯ರಲ್ಲಿ ಕೊನೆಗೊಂಡಿತು. ಅದರ ಬದಲಿಗೆ ಬರಬೇಕಾಗಿದ್ದ ವಿದ್ಯುತ್ ಚಾಲಿತ ಎಕ್ಸ್‌ಜೆಯ ಯೋಜನೆಯನ್ನು ಸಂಸ್ಥೆಯು ೨೦೨೧ರಲ್ಲಿ ಕೈಬಿಟ್ಟಿತು. ಹಾಗಾದರೆ ಧೈರ್ಯಕ್ಕೂ ಗೆಲುವು ನಿಶ್ಚಿತವಲ್ಲ ಎಂದಂತಾಯಿತು. ನಿಜ, ಪರಂಪರೆ ಮತ್ತು ಹೊಸತನಗಳನ್ನು ಒಮ್ಮೆ ತೂಗಿ ಸಮಗೊಳಿಸಿದರೆ ತಕ್ಕಡಿಯು ಎಂದೆಂದಿಗೂ ಹಾಗೆಯೇ ನಿಲ್ಲುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ತನ್ನ ಕೈಯಿಂದಲೇ ತೂಗಬೇಕು. ಹಾಗೆ ತೂಗುವಾಗ ಹಿರಿಯರು ಏನನ್ನು ಮಾಡಿದರೆಂಬುದನ್ನು ಮಾತ್ರವಲ್ಲದೆ, ಅದನ್ನು ಎಂತಹ ಮನಸ್ಸಿನಿಂದ ಮಾಡಿದರೆಂಬುದನ್ನೂ ಕೇಳಿಕೊಳ್ಳಬೇಕು. ಹಿರಿಯರ ರೂಪವನ್ನು ನಕಲು ಮಾಡುವುದು ಸುಲಭ; ಅವರ ಧೈರ್ಯವನ್ನು ಪಡೆಯುವುದು ಕಷ್ಟ. ಆ ಧೈರ್ಯವನ್ನು ಪಡೆದವರೇ ಅವರ ನಿಜವಾದ ವಾರಸುದಾರರು.